ಗೆರೆ ಎಣಿಸುವ ಬಂಡಿ

ಇಂಕ್‌ಜೆಟ್ ಪ್ರಿಂಟರ್ ಇಟ್ಟುಕೊಂಡವರಿಗೆ ಈ ಪ್ರಸಂಗ ಹೊಸದಲ್ಲ. ನಿನ್ನೆ ಸಂಜೆಯವರೆಗೂ ಚೆನ್ನಾಗಿದ್ದ ಯಂತ್ರ ಇವತ್ತು ಸ್ವಿಚ್ ಹಾಕಿದ ಕೂಡಲೇ ಒಳಗೆ ಒಮ್ಮೆ ಕರಕರ ಎನ್ನುತ್ತದೆ. ಹೆಡ್ಡು ಓಡಿಹೋಗಿ ಪಕ್ಕದ ಗೋಡೆಗೆ ಧಡ್ ಎಂದು ಬಡಿಯುತ್ತದೆ. ದೀಪಗಳು ಮಿನುಗತೊಡಗುತ್ತವೆ. ಪರದೆಯ ಮೇಲೆ ‘ಮೋಟಾರ್ ಎರರ್’ ಎಂದೋ ‘ಕ್ಯಾರೇಜ್ ಎರರ್’ ಎಂದೋ ಬರುತ್ತದೆ, ಇಲ್ಲವೇ ಬರೀ ಒಂದು ಸಂಖ್ಯೆ. ಕ್ಯಾನನ್ ಯಂತ್ರಗಳಲ್ಲಿ ಆ ಸಂಖ್ಯೆ 5100. ಮೋಟಾರೇ ಸುಟ್ಟುಹೋಯಿತು ಎಂದುಕೊಂಡು ರಿಪೇರಿಯವರಿಗೆ ಫೋನ್ ಮಾಡುತ್ತೇವೆ. ಬಂದವರು ಮುಚ್ಚಳ ಎತ್ತಿ, ಒದ್ದೆ ಬಟ್ಟೆಯ ಚೂರಿನಿಂದ ಅದ್ಯಾವುದೋ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಒರೆಸುತ್ತಾರೆ. ಮತ್ತೆ ಸ್ವಿಚ್ ಹಾಕಿದರೆ ಪ್ರಿಂಟರು ಏನೂ ಆಗಿರಲಿಲ್ಲವೆಂಬಂತೆ ಕೆಲಸ ಶುರುಮಾಡುತ್ತದೆ.

ಮೋಟಾರನ್ನು ಯಾರೂ ಮುಟ್ಟಲಿಲ್ಲ, ಆದರೂ ಮೋಟಾರಿನ ದೋಷ ಮಾಯವಾಯಿತು. ಹಾಗಾದರೆ ಪ್ರಿಂಟರು ಸುಳ್ಳು ಹೇಳಿತೇ? ಇಲ್ಲ. ತನಗೆ ಗೊತ್ತಿರುವಷ್ಟನ್ನು ಅದು ಹೇಳಿತು. ಅದಕ್ಕೆ ಗೊತ್ತಿರುವುದು ಎಷ್ಟು, ಹೇಗೆ ಗೊತ್ತಾಗುತ್ತದೆ ಎಂಬುದು ತಿಳಿದರೆ ಕೆಟ್ಟುನಿಂತ ಯಂತ್ರದ ಮುಂದೆ ಕೈಕಟ್ಟಿ ನಿಲ್ಲಬೇಕಾದ ಪ್ರಮೇಯ ಅರ್ಧಕ್ಕರ್ಧ ತಪ್ಪುತ್ತದೆ.

ಮುಚ್ಚಳ ಎತ್ತಿದರೆ

ಪ್ಲಗ್ ಕಿತ್ತು ಮುಚ್ಚಳ ಎತ್ತಿ ನೋಡಿ. ಎಡದಿಂದ ಬಲಕ್ಕೆ ಒಂದು ಉಕ್ಕಿನ ಸರಳು, ಅಥವಾ ಮಡಿಸಿದ ತಗಡಿನ ಹಳಿ ಇರುತ್ತದೆ. ಅದರ ಮೇಲೆ ಜಾರುವ ಪ್ಲಾಸ್ಟಿಕ್ ಪೆಟ್ಟಿಗೆಯೇ ಕ್ಯಾರೇಜ್. ಶಾಯಿ ಚಿಮ್ಮಿಸುವ ಹೆಡ್ಡು ಕೂತಿರುವುದು ಇದರ ತಳದಲ್ಲಿ. ಕ್ಯಾರೇಜಿನ ಬೆನ್ನನ್ನು ಸಣ್ಣ ಹಲ್ಲುಗಳಿರುವ ಬೆಲ್ಟೊಂದು ಹಿಡಿದುಕೊಂಡಿರುತ್ತದೆ. ಬೆಲ್ಟಿನ ಒಂದು ಕೊನೆಯಲ್ಲಿ ಅದನ್ನು ಬಿಗಿಯಾಗಿ ಎಳೆದಿಡುವ ಸ್ಪ್ರಿಂಗ್ ಕಟ್ಟಿದ ರಾಟೆ, ಇನ್ನೊಂದು ಕೊನೆಯಲ್ಲಿ ಮೋಟಾರ್. ಮೋಟಾರು ಒಂದು ಕಡೆ ತಿರುಗಿದರೆ ಕ್ಯಾರೇಜು ಬಲಕ್ಕೆ, ಇನ್ನೊಂದು ಕಡೆ ತಿರುಗಿದರೆ ಎಡಕ್ಕೆ.

ಇಷ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೀಳದಿರುವುದು ಬೆಲ್ಟಿನ ಹತ್ತಿರವೇ, ಅದಕ್ಕೆ ಸಮನಾಗಿ ಎಳೆದು ಕಟ್ಟಿರುವ ಒಂದು ಪಾರದರ್ಶಕ ಪಟ್ಟಿ. ಅಗಲ ಕಿರುಬೆರಳಿಗಿಂತಲೂ ಕಡಿಮೆ. ಒಂದು ತುದಿ ಕೊಕ್ಕೆಗೆ, ಇನ್ನೊಂದು ತುದಿ ಪುಟ್ಟ ಸ್ಪ್ರಿಂಗಿಗೆ. ದೂರದಿಂದ ನೋಡಿದರೆ ತುಸು ಬೂದುಬಣ್ಣ. ಭೂತಗನ್ನಡಿ ಹಿಡಿದರೆ ಅದು ಬೂದು ಅಲ್ಲ, ಕಪ್ಪು ಗೆರೆಗಳ ಸಾಲು. ಒಂದು ಗೆರೆ, ಅಷ್ಟೇ ಅಗಲದ ಖಾಲಿ ಜಾಗ, ಮತ್ತೆ ಗೆರೆ. ಹೀಗೆ ಇಂಚಿಗೆ 150, 180ರಂತೆ ಉದ್ದಕ್ಕೂ ಗೆರೆಗಳೇ. ರಿಪೇರಿಯವರು ಎನ್‌ಕೋಡರ್ ಸ್ಟ್ರಿಪ್ ಎನ್ನುವುದು ಇದಕ್ಕೆ. ನಾವು ಗೆರೆಪಟ್ಟಿ ಎನ್ನೋಣ. ಈ ಅಧ್ಯಾಯದ ನಾಯಕ ಇದೇ.

ಹೆಜ್ಜೆಯಿಂದ ಓಟಕ್ಕೆ

ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಈ ಪಟ್ಟಿ ಇರಲಿಲ್ಲ. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕುವಾಗ ಕೇಳುವ ಕರ್ಕಶ ಸದ್ದು ಆ ಜಾತಿಯ ಯಂತ್ರದ್ದು. ಅವುಗಳಲ್ಲಿ ಹೆಚ್ಚಾಗಿ ಇದ್ದದ್ದು ಸ್ಟೆಪರ್ ಮೋಟಾರ್. ವಿದ್ಯುತ್ತಿನ ಒಂದು ಮಿಡಿತ ಕೊಟ್ಟರೆ ಅದು ಒಂದೇ ಹೆಜ್ಜೆ ತಿರುಗಿ ನಿಲ್ಲುತ್ತದೆ. ಒಂದು ಸುತ್ತಿಗೆ 200 ಹೆಜ್ಜೆ ಹಾಕುವಂಥವು ತೀರಾ ಸಾಮಾನ್ಯ. ಇಂಥ ಮೋಟಾರಿಗೆ ಐವತ್ತು ಮಿಡಿತ ಕೊಟ್ಟರೆ ಕಾಲು ಸುತ್ತು ತಿರುಗಿತೆಂದು ನಂಬಬಹುದು, ಎಲ್ಲಿದೆ ಎಂದು ನೋಡುವ ಅಗತ್ಯವಿಲ್ಲ.

ನಂಬಿಕೆಗೂ ಒಂದು ಮಿತಿಯಿದೆ. ದಾರಿಯಲ್ಲಿ ಏನಾದರೂ ಅಡ್ಡ ಬಂದು ನಾಲ್ಕು ಹೆಜ್ಜೆ ತಪ್ಪಿದರೆ ಸ್ಟೆಪರ್ ಮೋಟಾರಿನ ಯಂತ್ರಕ್ಕೆ ಅದು ತಿಳಿಯುವುದೇ ಇಲ್ಲ, ಮುಂದಿನ ಅಕ್ಷರಗಳೆಲ್ಲ ಅಷ್ಟಷ್ಟು ಪಕ್ಕಕ್ಕೆ ಬೀಳುತ್ತವೆ. ಜೊತೆಗೆ ಗದ್ದಲ ಹೆಚ್ಚು, ವೇಗ ಕಡಿಮೆ. ಮನೆಗಳಿಗೆ ಬಂದ ಇಂಕ್‌ಜೆಟ್‌ಗೆ ವೇಗವೂ ಬೇಕಿತ್ತು, ಸದ್ದೂ ಕಡಿಮೆಯಿರಬೇಕಿತ್ತು, ಬೆಲೆಯೂ ಇಳಿಯಬೇಕಿತ್ತು. ಹಾಗಾಗಿ ತಯಾರಕರು ಸಾದಾ ಡಿಸಿ ಮೋಟಾರಿನ ಕಡೆ ತಿರುಗಿದರು. ಮಕ್ಕಳ ಆಟಿಕೆ ಕಾರಿನಲ್ಲಿ ಇರುವುದೂ ಇದೇ ಬಗೆಯದು: ಸುತ್ತಲೂ ಆಯಸ್ಕಾಂತ, ನಡುವೆ ತಂತಿ ಸುತ್ತಿದ ಕಂಬಿ, ಅದಕ್ಕೆ ವಿದ್ಯುತ್ ಮುಟ್ಟಿಸುವ ಎರಡು ಬ್ರಷ್. ಅಗ್ಗ, ಹಗುರ, ನುಣುಪಾದ ಓಟ. ಆದರೆ ಇದಕ್ಕೆ ಹೆಜ್ಜೆಯ ಲೆಕ್ಕ ಗೊತ್ತಿಲ್ಲ. ವಿದ್ಯುತ್ ಕೊಟ್ಟರೆ ಓಡುತ್ತದೆ, ಕೊಡುತ್ತಲೇ ಇದ್ದರೆ ಓಡುತ್ತಲೇ ಇರುತ್ತದೆ. ಎಷ್ಟು ಓಡಿತು, ಎಲ್ಲಿ ನಿಂತಿತು ಎಂದು ಹೇಳಲು ಅದಕ್ಕೆ ದಾರಿಯಿಲ್ಲ.

ಆ ಕುರುಡು ಓಟಗಾರನಿಗೆ ಸ್ಥಾನ ತಿಳಿಸಲು ಕಟ್ಟಿದ್ದೇ ಗೆರೆಪಟ್ಟಿ.

ಎರಡು ಕಣ್ಣು, ಕಾಲು ಅಳತೆಯ ಅಂತರ

ಕ್ಯಾರೇಜಿನ ಬೆನ್ನಲ್ಲಿ ಒಂದು ಪುಟ್ಟ ಸೀಳಿದೆ. ಗೆರೆಪಟ್ಟಿ ಹಾದುಹೋಗುವುದು ಆ ಸೀಳಿನೊಳಗಿಂದ. ಸೀಳಿನ ಒಂದು ಗೋಡೆಯಲ್ಲಿ ಎಲ್‌ಇಡಿ ದೀಪ, ಎದುರು ಗೋಡೆಯಲ್ಲಿ ಬೆಳಕು ಗುರುತಿಸುವ ಕಣ್ಣು. ಕ್ಯಾರೇಜು ಚಲಿಸಿದಂತೆ ಗೆರೆ ಅಡ್ಡ ಬಂದಾಗ ಕತ್ತಲೆ, ಖಾಲಿ ಜಾಗ ಬಂದಾಗ ಬೆಳಕು. ಎಷ್ಟು ಸಲ ಕತ್ತಲಾಯಿತು ಎಂದು ಎಣಿಸಿದರೆ ಎಷ್ಟು ಗೆರೆ ದಾಟಿದೆ ಎಂದು ತಿಳಿಯುತ್ತದೆ. ಇಂಚಿಗೆ 180 ಗೆರೆಯಿದ್ದರೆ ಎ4 ಹಾಳೆಯ 210 ಮಿಲಿಮೀಟರ್ ಅಗಲ ದಾಟಲು ಸುಮಾರು 1,490 ಗೆರೆ.

ಆದರೆ ಒಂದೇ ಕಣ್ಣಿದ್ದರೆ ಒಂದು ತೊಡಕಿದೆ. ಬಲಕ್ಕೆ ಹೋದರೂ ಕತ್ತಲೆ-ಬೆಳಕು, ಎಡಕ್ಕೆ ಹೋದರೂ ಅದೇ ಕತ್ತಲೆ-ಬೆಳಕು. ಕ್ಯಾರೇಜು ಗೋಡೆಗೆ ತಾಗಿ ಕೂದಲೆಳೆಯಷ್ಟು ಹಿಂದೆ ಸರಿದರೆ ಆ ಹಿಂಚಲನೆಯೂ ಮುಂದೆ ಹೋದ ಲೆಕ್ಕಕ್ಕೇ ಸೇರಿಬಿಡುತ್ತದೆ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ಎಷ್ಟು ಸರಳವೋ ಅಷ್ಟೇ ಸೊಗಸು: ಎರಡು ಕಣ್ಣು. ಒಂದು ಗೆರೆ ಮತ್ತು ಅದರ ಪಕ್ಕದ ಖಾಲಿ ಜಾಗ ಎರಡನ್ನೂ ಸೇರಿಸಿ ಒಂದು ಅಳತೆ ಎಂದುಕೊಂಡರೆ, ಎರಡನೆಯ ಕಣ್ಣನ್ನು ಅದರ ಕಾಲು ಭಾಗದಷ್ಟು ಪಕ್ಕಕ್ಕೆ ಇಡುತ್ತಾರೆ.

ಈಗ ಏನಾಗುತ್ತದೆ ನೋಡಿ. ಕ್ಯಾರೇಜು ಬಲಕ್ಕೆ ಹೊರಟರೆ ಮೊದಲು ಒಂದನೆಯ ಕಣ್ಣಿಗೆ ಕತ್ತಲಾಗುತ್ತದೆ, ಆಮೇಲೆ ಎರಡನೆಯದಕ್ಕೆ. ಎಡಕ್ಕೆ ಹೊರಟರೆ ಎರಡನೆಯದಕ್ಕೇ ಮೊದಲು. ಯಾವ ಕಣ್ಣು ಮೊದಲು ಮುಚ್ಚಿತು ಎಂಬುದರಿಂದಲೇ ದಿಕ್ಕು ಗೊತ್ತಾಗಿಬಿಡುತ್ತದೆ. ಇದರ ಜೊತೆಗೆ ಇನ್ನೊಂದು ಲಾಭವೂ ಬಿಟ್ಟಿ ಸಿಗುತ್ತದೆ. ಒಂದು ಅಳತೆ ದಾಟುವಷ್ಟರಲ್ಲಿ ಎರಡೂ ಬೆಳಕು, ಒಂದನೆಯದು ಮಾತ್ರ ಕತ್ತಲೆ, ಎರಡೂ ಕತ್ತಲೆ, ಎರಡನೆಯದು ಮಾತ್ರ ಕತ್ತಲೆ ಎಂದು ನಾಲ್ಕು ಸ್ಥಿತಿಗಳು ಬಂದುಹೋಗುತ್ತವೆ. ಹಾಗಾಗಿ ಇಂಚಿಗೆ 180 ಗೆರೆಯ ಪಟ್ಟಿಯಿಂದ 720 ಎಣಿಕೆ ಸಿಗುತ್ತದೆ, 150 ಗೆರೆಯ ಪಟ್ಟಿಯಿಂದ 600. ಪ್ರಿಂಟರ್ ಡಬ್ಬಿಯ ಮೇಲೆ 600, 1200 ಎಂದೋ 720, 1440 ಎಂದೋ ಡಿಪಿಐ, ಅಂದರೆ ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ ನೋಡಿರುತ್ತೀರಿ. ಆ ಸಂಖ್ಯೆಗಳ ಬೇರು ಇಂಥ ಎಣಿಕೆಗಳ ಹತ್ತಿರವೇ ಇದೆ.

720ರಲ್ಲಿ ಒಂದು ಎಣಿಕೆ ಎಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂವತ್ತೈದು. ತಲೆಗೂದಲಿನ ದಪ್ಪ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಕ್ಯಾರೇಜು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ ಹದಿನಾಲ್ಕು ಸಾವಿರದಷ್ಟು ಎಣಿಕೆ ನಡೆಯಬೇಕು, ಒಂದೂ ತಪ್ಪದಂತೆ. ಏಕೆಂದರೆ ಶಾಯಿಯ ಹನಿ ಯಾವಾಗ ಚಿಮ್ಮಬೇಕು ಎಂಬುದನ್ನು ನಿರ್ಧರಿಸುವುದೂ ಗಡಿಯಾರವಲ್ಲ, ಈ ಎಣಿಕೆಯೇ. ಇಂತಿಷ್ಟನೆಯ ಎಣಿಕೆ ಬಂತು, ಇಂತಿಂಥ ರಂಧ್ರದಿಂದ ಹನಿ ಬಿಡು. ಹೆಡ್ಡಿಗೂ ಹಾಳೆಗೂ ನಡುವಿನ ಮಿಲಿಮೀಟರಿನಷ್ಟು ದೂರವನ್ನು ಹನಿ ದಾಟುವಷ್ಟರಲ್ಲಿ ಕ್ಯಾರೇಜು ಮುಂದೆ ಸರಿದಿರುತ್ತದೆ. ಅದಕ್ಕಾಗಿ ಹನಿಯನ್ನು ತುಸು ಮೊದಲೇ ಬಿಡಬೇಕು, ಬಲಕ್ಕೆ ಹೋಗುವಾಗ ಒಂದು ಬಗೆ, ಎಡಕ್ಕೆ ಬರುವಾಗ ಇನ್ನೊಂದು ಬಗೆ. ಇಷ್ಟೆಲ್ಲ ಸೂಕ್ಷ್ಮ ಲೆಕ್ಕಾಚಾರ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ನಂಬಿಕೊಂಡಿದೆ ಎನ್ನುವುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಪೊದೆ ಮುಚ್ಚಿದ ಮೈಲಿಗಲ್ಲು

ಎಣಿಕೆ ಬಂದರೆ ಸಾಲದು, ಅದರಿಂದ ಮೋಟಾರನ್ನು ಹಿಡಿತದಲ್ಲಿಡಬೇಕು. ಒಬ್ಬ ಡ್ರೈವರ್ ರಾತ್ರಿ ಹೊತ್ತು ಲಾರಿ ಓಡಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಸ್ಪೀಡೋಮೀಟರ್ ಕೆಟ್ಟಿದೆ. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲೇ ಹೋಗಬೇಕೆಂದು ಮಾಲೀಕನ ಕಟ್ಟಪ್ಪಣೆ. ಅವನಿಗಿರುವ ಆಧಾರ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಮತ್ತು ಕೈಗಡಿಯಾರ. ಒಂದೂವರೆ ನಿಮಿಷಕ್ಕೊಂದು ಕಲ್ಲು ಕಂಡರೆ ವೇಗ ಸರಿಯಿದೆ. ತಡವಾಗಿ ಕಂಡರೆ ಆಕ್ಸಿಲರೇಟರ್ ಒತ್ತುತ್ತಾನೆ, ಬೇಗ ಕಂಡರೆ ಸಡಿಲಿಸುತ್ತಾನೆ. ಏರು ಬರಲಿ, ಇಳಿಜಾರು ಬರಲಿ, ಲಾರಿಯಲ್ಲಿ ಹೊರೆ ಹೆಚ್ಚಿರಲಿ, ಈ ಒಂದೇ ನಿಯಮದಿಂದ ಅವನು ನಿಭಾಯಿಸಬಲ್ಲ.

ಈಗ ಮುಂದಿನ ಹತ್ತು ಕಲ್ಲುಗಳಲ್ಲಿ ಏಳನ್ನು ಲಂಟಾನ ಪೊದೆ ಮುಚ್ಚಿದೆ. ಲಾರಿ ಸರಿಯಾಗಿಯೇ ಹೋಗುತ್ತಿದೆ, ಆದರೆ ಕಲ್ಲು ಕಾಣುತ್ತಿಲ್ಲ. ಡ್ರೈವರ್ ಏನು ತಿಳಿಯುತ್ತಾನೆ? ಲಾರಿ ಎಳೆಯುತ್ತಿಲ್ಲ, ಏರು ಬಂದಿರಬೇಕು. ಒತ್ತುತ್ತಾನೆ. ಆದರೂ ಕಲ್ಲಿಲ್ಲ. ಇನ್ನೂ ಒತ್ತುತ್ತಾನೆ. ಮುಂದಿನ ತಿರುವು ಇಷ್ಟು ಬೇಗ ಬಂದೀತೆಂಬ ಕಲ್ಪನೆಯೂ ಅವನಿಗಿಲ್ಲ.

ಪ್ರಿಂಟರಿನ ಚಿಪ್ಪು ಮಾಡುವುದು ಇದನ್ನೇ. ಮೋಟಾರಿಗೆ ಹೋಗುವ ವಿದ್ಯುತ್ತನ್ನು ಅದು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದು ಮಾಡುತ್ತದೆ. ಹಾಕಿದ ಹೊತ್ತು ಹೆಚ್ಚಾದರೆ ಬಲ ಹೆಚ್ಚು, ತೆಗೆದ ಹೊತ್ತು ಹೆಚ್ಚಾದರೆ ಬಲ ಕಡಿಮೆ. ಎಣಿಕೆ ನಿಧಾನವಾಗಿ ಬಂದರೆ ಬಲ ಏರಿಸು, ವೇಗವಾಗಿ ಬಂದರೆ ಇಳಿಸು. ಮಾಡಿದ ಕೆಲಸದ ಫಲವನ್ನು ನೋಡಿ ಮುಂದಿನ ಕೆಲಸವನ್ನು ತಿದ್ದಿಕೊಳ್ಳುವ ಈ ವಿಧಾನಕ್ಕೆ ಹಿಮ್ಮಾಹಿತಿ, ಅಂದರೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಎಂಜಿನ್ನಿನ ವೇಗ ಹಿಡಿಯಲು ಅಳವಡಿಸಿದ ತಿರುಗುವ ಗುಂಡುಗಳ ಗವರ್ನರ್ ಇದೇ ತತ್ವದ್ದು. ಇಂಥ ಗವರ್ನರುಗಳು ಕೆಲವೊಮ್ಮೆ ವೇಗವನ್ನು ಸ್ಥಿರಗೊಳಿಸುವ ಬದಲು ತಾವೇ ತೂಗಾಡತೊಡಗುವುದೇಕೆ ಎಂದು ಗಣಿತದಿಂದ ಬಿಡಿಸಿ ತೋರಿಸಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, 1868ರ ಪ್ರಬಂಧದಲ್ಲಿ.

ಹಿಮ್ಮಾಹಿತಿಯ ಶಕ್ತಿಯೂ ಅದರ ದೌರ್ಬಲ್ಯವೂ ಒಂದೇ ಕಡೆ ಇವೆ. ಬರುವ ಸುದ್ದಿ ನಿಜವಾಗಿದ್ದರೆ ಸಾಧಾರಣ ಮೋಟಾರೂ ಕೂದಲೆಳೆಯ ಲೆಕ್ಕಕ್ಕೆ ಸಿಕ್ಕುತ್ತದೆ. ಸುದ್ದಿ ಕೆಟ್ಟರೆ ಒಳ್ಳೆಯ ಮೋಟಾರೂ ಗೋಡೆಗೆ ಹೋಗಿ ಬಡಿಯುತ್ತದೆ. ಆ ಧಡ್ ಸದ್ದಿನ ಮೂಲ ಇದು.

ಬಲ ಕೊಟ್ಟೆ, ಎಣಿಕೆ ಬರಲಿಲ್ಲ

ಗೋಡೆಗೆ ಬಡಿದ ಮೇಲೂ ತಳ್ಳುತ್ತಲೇ ಇದ್ದರೆ ಮೋಟಾರು ನಿಜವಾಗಿಯೂ ಸುಡುತ್ತದೆ. ತಿರುಗುವ ಮೋಟಾರು ತಾನೂ ಒಂದು ಡೈನಮೊ. ತಿರುಗುತ್ತ ಎದುರು ದಿಕ್ಕಿನಲ್ಲಿ ವಿದ್ಯುತ್ ಒತ್ತಡ ಹುಟ್ಟಿಸಿ, ಒಳಬರುವ ಕರೆಂಟನ್ನು ತಾನೇ ತಡೆದುಕೊಂಡಿರುತ್ತದೆ. ಅದನ್ನು ಅಲುಗದಂತೆ ಹಿಡಿದುಬಿಟ್ಟರೆ ಆ ತಡೆ ಇಲ್ಲವಾಗಿ ಕರೆಂಟು ಹಲವು ಪಟ್ಟು ನುಗ್ಗುತ್ತದೆ. ಕರೆಂಟು ಮೂರು ಪಟ್ಟಾದರೆ ತಂತಿಯ ಕಾವು ಒಂಬತ್ತು ಪಟ್ಟು. ಆದ್ದರಿಂದ ಪ್ರಿಂಟರಿಗೆ ಒಂದು ನಿಯಮ ಹಾಕಿಕೊಟ್ಟಿರುತ್ತಾರೆ: ಬಲ ಒಂದು ಮಿತಿ ಮುಟ್ಟಿತು, ಆದರೂ ನಿರೀಕ್ಷಿಸಿದ ಎಣಿಕೆ ಬರಲಿಲ್ಲ ಎಂದಾದರೆ ವಿದ್ಯುತ್ ಕಡಿದು ದೋಷ ಎಂದು ಹೇಳಿಬಿಡು.

ಇದೇ ಸ್ಥಿತಿ ದಿನವೂ ಒಮ್ಮೆ ಬೇಕೆಂದೇ ಬರುತ್ತದೆ ಎಂಬುದು ಸ್ವಾರಸ್ಯ. ಗೆರೆಗಳಿಗೆ ನಂಬರ್ ಬರೆದಿಲ್ಲ, ಎಲ್ಲ ಗೆರೆಯೂ ಒಂದೇ ಥರ. ಸ್ವಿಚ್ ಹಾಕಿದಾಗ ತಾನು ಎಲ್ಲಿದ್ದೇನೆ ಎಂದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ ಹಲವು ಪ್ರಿಂಟರುಗಳು ಕ್ಯಾರೇಜನ್ನು ಮೆಲ್ಲಗೆ ಒಂದು ಪಕ್ಕಕ್ಕೆ ನೂಕಿ ನೋಡುತ್ತವೆ. ಬಲ ಏರಿತು, ಎಣಿಕೆ ನಿಂತಿತು. ಹಾಗಾದರೆ ಇದೇ ಗೋಡೆ, ಇಲ್ಲಿಂದ ಸೊನ್ನೆ. ಗೋಡೆ ಇರಬೇಕಾದ ಕಡೆ ಎಣಿಕೆ ನಿಂತರೆ ಅದು ಸೊನ್ನೆಯ ಗುರುತು, ಇರಬಾರದ ಕಡೆ ನಿಂತರೆ ದೋಷ.

ಈಗ ಆ ಸಂದೇಶವನ್ನು ಸರಿಯಾಗಿ ಓದಬಹುದು. ಪ್ರಿಂಟರಿಗೆ ಮೋಟಾರು ಕಾಣುವುದಿಲ್ಲ. ಕಾಣುವುದು ತಾನು ಕೊಟ್ಟ ಬಲ ಮತ್ತು ತನಗೆ ಬಂದ ಎಣಿಕೆ, ಎರಡೇ. ಈ ನಡುವಿನ ಸರಪಳಿಯಲ್ಲಿ ಮೋಟಾರ್, ಬೆಲ್ಟ್, ಹಳಿ, ಗೆರೆಪಟ್ಟಿ, ಕಣ್ಣು, ತಂತಿ ಎಲ್ಲ ಇವೆ. ಯಾವ ಕೊಂಡಿ ಕಳಚಿದರೂ ಯಂತ್ರದ ಬಾಯಲ್ಲಿ ಬರುವುದು ಒಂದೇ ಮಾತು. ‘ಬಲ ಕೊಟ್ಟೆ, ಎಣಿಕೆ ಬರಲಿಲ್ಲ’ ಎಂದು ಪರದೆಯ ಮೇಲೆ ಬರೆಯಲು ತಯಾರಕರಿಗೆ ಏನು ಕಷ್ಟ? ಮೋಟಾರ್ ಎಂಬ ಒಂದು ಪದ ನೋಡಿ, ಹೊಸ ಮೋಟಾರಿನ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸ ಪ್ರಿಂಟರೇ ಬರುತ್ತದಲ್ಲ ಎಂದು ಜನ ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ.

ಸದ್ದು ಹೇಳುವ ಸುಳಿವು

ಸರಪಳಿಯ ಯಾವ ಕೊಂಡಿ ಎಂದು ಹುಡುಕಲು ಮೊದಲು ಬೇಕಾದದ್ದು ಸ್ಕ್ರೂಡ್ರೈವರಲ್ಲ, ಕಿವಿ. ಸ್ವಿಚ್ ಹಾಕಿದ ಮೊದಲ ಕೆಲವು ಸೆಕೆಂಡು ಗಮನವಿಟ್ಟು ಕೇಳಿ.

ಕ್ಯಾರೇಜು ರಭಸದಿಂದ ಓಡಿ ಗೋಡೆಗೆ ಬಡಿದರೆ ಮೋಟಾರಿಗೂ ಬೆಲ್ಟಿಗೂ ಏನೂ ಆಗಿಲ್ಲ ಎಂದು ಅಲ್ಲಿಯೇ ತಿಳಿಯಿತು. ಓಡುವ ಶಕ್ತಿ ಇದೆ, ಎಣಿಕೆ ಇಲ್ಲ. ಅನುಮಾನ ಗೆರೆಪಟ್ಟಿಯ ಮೇಲೆ, ಇಲ್ಲವೇ ಕಣ್ಣಿನ ಮೇಲೆ. ಪಟ್ಟಿ ಕೊಕ್ಕೆಯಿಂದ ಕಳಚಿ ಸೀಳಿನ ಹೊರಗೆ ಜೋತಾಡುತ್ತಿದ್ದರೂ ಹೀಗೇ ಆಗುತ್ತದೆ. ಸಿಕ್ಕಿಬಿದ್ದ ಹಾಳೆಯನ್ನು ಅವಸರದಲ್ಲಿ ಎಳೆಯುವಾಗ ಕೈ ತಗಲಿ ಅದು ಕಳಚುವುದುಂಟು.

ಕ್ಯಾರೇಜು ಸ್ವಲ್ಪ ದೂರ ಹೋಗಿ ಪ್ರತಿ ಸಲವೂ ಒಂದೇ ಜಾಗದಲ್ಲಿ ತಡೆದರೆ ಆ ಜಾಗದಲ್ಲಿ ಏನೋ ಇದೆ. ಹಳಿಯ ಮೇಲೆ ಹಾಳೆಯ ಚೂರು, ಸ್ಟೇಪ್ಲರ್ ಪಿನ್ನು, ಮಕ್ಕಳು ಹಾಕಿದ ನಾಣ್ಯ ಇರಬಹುದು. ಅಥವಾ ಗೆರೆಪಟ್ಟಿಯ ಅಷ್ಟೇ ಭಾಗದಲ್ಲಿ ಒಂದು ಕಲೆ.

ಗುಂಯ್ ಎಂದು ಕ್ಷಣಕಾಲ ಸದ್ದಾಗಿ ಕ್ಯಾರೇಜು ಅಲುಗಾಡದಿದ್ದರೆ ಅದು ತನ್ನ ಗೂಡಿನಲ್ಲೇ ಸಿಕ್ಕಿಕೊಂಡಿದೆ. ಕೆಲಸವಿಲ್ಲದ ಹೊತ್ತಿನಲ್ಲಿ ಕ್ಯಾರೇಜು ಬಲತುದಿಯ ಗೂಡಿಗೆ ಹೋಗಿ ನಿಲ್ಲುವುದು ಸಾಮಾನ್ಯ. ಅಲ್ಲಿ ಒಂದು ರಬ್ಬರ್ ಟೋಪಿ ಮೇಲೆದ್ದು ಹೆಡ್ಡಿನ ರಂಧ್ರಗಳನ್ನು ಮುಚ್ಚುತ್ತದೆ. ಶಾಯಿ ಒಣಗಬಾರದು ಎಂಬುದು ಇದರ ಉದ್ದೇಶ. ಜೊತೆಗೆ ಒಂದು ಚಿಲಕವೂ ಬಿದ್ದು ಕ್ಯಾರೇಜನ್ನು ಹಿಡಿದಿಡುತ್ತದೆ. ತಿಂಗಳುಗಟ್ಟಲೆ ಉಪಯೋಗಿಸದೆ ಬಿಟ್ಟರೆ ಟೋಪಿಯ ಸುತ್ತ ಶಾಯಿ ಒಣಗಿ ಅಂಟಿನಂತೆ ಕಚ್ಚಿಕೊಳ್ಳುತ್ತದೆ. ಪ್ರಿಂಟರಿನ ಬಟನ್ ಒತ್ತದೆ ಗೋಡೆಯ ಸ್ವಿಚ್ಚನ್ನೇ ಆರಿಸುವ ಅಭ್ಯಾಸವೂ ತೊಂದರೆ ತರುತ್ತದೆ, ಆಗಾಗ ಹೋಗುವ ಕರೆಂಟೂ ಅಷ್ಟೇ: ಕ್ಯಾರೇಜು ಗೂಡು ಸೇರುವ ಮೊದಲೇ ಯಂತ್ರ ಸತ್ತು, ಹೆಡ್ಡು ಬಟಾಬಯಲಲ್ಲಿ ಒಣಗುತ್ತದೆ. ಅಂಗಡಿಗಳಲ್ಲಿ ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ಪ್ರಿಂಟರನ್ನು ಹೊರಗಿಡುತ್ತಾರೆ. ಇಂಕ್‌ಜೆಟ್ ಆದರೆ ಅದನ್ನೂ ಸೇರಿಸುವುದು ಒಳ್ಳೆಯದು.

ಇನ್ನು, ಬೆಳಗ್ಗೆ ಸರಿಯಿದ್ದು ಹತ್ತಾರು ಹಾಳೆ ಆದಮೇಲೆ ದೋಷ ಬರುತ್ತಿದ್ದರೆ ಅದು ಹೆಚ್ಚಾಗಿ ಉಜ್ಜಾಟದ ಸಮಸ್ಯೆ. ಹಳಿಯ ಗ್ರೀಸ್ ಒಣಗಿ ಧೂಳು ಕೂಡಿ ಜಿಗುಟಾಗಿರುತ್ತದೆ. ಪ್ರತಿ ಓಟಕ್ಕೂ ಸ್ವಲ್ಪ ಹೆಚ್ಚು ಬಲ ಬೇಕಾಗುತ್ತ ಬೇಕಾಗುತ್ತ ಒಂದು ಹಂತದಲ್ಲಿ ಮಿತಿ ದಾಟುತ್ತದೆ.

ಶಾಯಿಯ ಮಂಜು

ಮುಚ್ಚಿದ ಯಂತ್ರದೊಳಗೆ ಗೆರೆಪಟ್ಟಿ ಕೊಳೆಯಾಗುವುದು ಹೇಗೆ? ಹೊರಗಿನ ಧೂಳಿಗಿಂತ ಒಳಗಿನ ಶಾಯಿಯೇ ಹೆಚ್ಚಿನ ಪಾಲು ಹೊರಬೇಕು. ನಾಲ್ಕು ಪಿಕೋಲೀಟರಿನ ಒಂದು ಹನಿಯ ಅಡ್ಡಳತೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಇಪ್ಪತ್ತು. ಅದು ಚಿಮ್ಮುವಾಗ ಬಾಲ ಕತ್ತರಿಸಿ ಇನ್ನೂ ಸಣ್ಣ ಸಣ್ಣ ಮರಿಹನಿಗಳು ಹುಟ್ಟುತ್ತವೆ. ಅವುಗಳಿಗೆ ಹಾಳೆಯವರೆಗೆ ಹೋಗುವಷ್ಟು ಕಸುವಿಲ್ಲ. ಕ್ಯಾರೇಜಿನ ಓಟ ಎಬ್ಬಿಸಿದ ಗಾಳಿಯಲ್ಲಿ ಮಂಜಿನಂತೆ ತೇಲಿ, ಸಿಕ್ಕಿದ ಕಡೆ ಕೂರುತ್ತವೆ. ಅಂಚು ಬಿಡದೆ ಫೋಟೊ ಮುದ್ರಿಸುವಾಗ ಹಾಳೆಯ ಹೊರಗೂ ಶಾಯಿ ಚಿಮ್ಮುವುದರಿಂದ ಈ ಮಂಜು ಇನ್ನೂ ಹೆಚ್ಚು. ವರ್ಷಗಳ ಮೇಲೆ ಪಟ್ಟಿಯ ಖಾಲಿ ಜಾಗಗಳು ಮಬ್ಬಾಗುತ್ತವೆ, ಕಣ್ಣಿಗೆ ಬೆಳಕೂ ಕತ್ತಲೆಯಂತೆ ಕಾಣತೊಡಗುತ್ತದೆ. ಹಳಿಯಿಂದ ಸಿಡಿದ ಗ್ರೀಸ್ ಇದಕ್ಕೆ ಸೇರಿಕೊಂಡರಂತೂ ಮುಗಿಯಿತು.

ಒರೆಸುವ ಕ್ರಮದಲ್ಲಿ ಸ್ವಲ್ಪ ನಾಜೂಕು ಬೇಕು. ಪ್ಲಗ್ ಕಿತ್ತಿರಲಿ. ಕನ್ನಡಕ ಒರೆಸುವ ಬಟ್ಟೆಯಂಥ, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ಪಟ್ಟಿಯನ್ನು ಎರಡು ಬೆರಳ ನಡುವೆ ಬಟ್ಟೆಯಿಂದ ಹಗುರವಾಗಿ ಹಿಡಿದು ಉದ್ದಕ್ಕೆ ಒರೆಸಿ, ಕ್ಯಾರೇಜನ್ನು ಆಚೆ ಸರಿಸಿ ಉಳಿದ ಭಾಗ ಒರೆಸಿ. ಗ್ರೀಸ್ ಹತ್ತಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಸಾಕು, ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣಬಟ್ಟೆ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಇವುಗಳ ಹತ್ತಿರ ಹೋಗಬೇಡಿ. ಕೊಳೆಯ ಜೊತೆ ಗೆರೆಗಳೂ ಅಳಿಸಿಹೋದಾವು. ಟಿಶ್ಯೂ ಕಾಗದ ಎಳೆ ಬಿಡುತ್ತದೆ. ಒಂದು ಎಳೆ ಸೀಳಿನೊಳಗೆ ಸೇರಿದರೆ ಕಣ್ಣಿಗೇ ಪೊರೆ ಬಂದಂತೆ.

ಕ್ಯಾರೇಜು ಗೂಡಿನ ಹೊರಗಿದ್ದಾಗ ಅದನ್ನು ಬೆರಳಿನಿಂದ ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಸರಿಸಿಯೂ ನೋಡಬೇಕು. ಉದ್ದಕ್ಕೂ ಒಂದೇ ಹದದ ಎಳೆತ ಸಿಕ್ಕಬೇಕು. ಒಂದು ಕಡೆ ಬಿಗಿ ಎನಿಸಿದರೆ ಅಲ್ಲಿ ಹಳಿ ನೋಡಿ. ಚಿಲಕ ಬಿದ್ದಿರುವಾಗ ಬಲವಂತ ಬೇಡ, ಹಲ್ಲು ಮುರಿಯುತ್ತದೆ. ಹಳಿ ಬಿಗಿಯಾಗಿದೆಯೆಂದು ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಮಡಿಕೇರಿ ಹಾಗಿರಲಿ, ಬೆಂಗಳೂರಿನ ಡಿಸೆಂಬರ್ ಬೆಳಗಿಗೇ ಹೆಪ್ಪುಗಟ್ಟೀತು. ಹಳೆಯ ಜಿಗುಟು ಒರೆಸಿ ತೆಗೆದು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಗ್ರೀಸನ್ನು ಹಳಿಗೆ ಮಾತ್ರ, ಕಂಡೂಕಾಣದಷ್ಟು ಸವರಬೇಕು. ಇಂಕ್ ಟ್ಯಾಂಕಿನ ಪ್ರಿಂಟರುಗಳಲ್ಲಿ ಕ್ಯಾರೇಜಿನ ಹಿಂದೆ ಶಾಯಿಯ ಕೊಳವೆಗಳೂ ಓಡಾಡುತ್ತವೆ. ಅವು ತಮ್ಮ ಜಾಗ ತಪ್ಪಿ ಎಲ್ಲಾದರೂ ಸಿಕ್ಕಿಕೊಂಡಿವೆಯೇ ಎಂದು ನೋಡುವುದನ್ನು ಮರೆಯಬಾರದು.

ಕಾಗದ ಎಳೆಯುವ ಮೋಟಾರು

ಹಾಳೆಯನ್ನು ಮುಂದೆ ಸರಿಸಲು ಇನ್ನೊಂದು ಮೋಟಾರಿದೆ. ಅದರ ದೋಷಕ್ಕೆ ಕ್ಯಾನನ್ನಿನಲ್ಲಿ 6000 ಎಂಬ ಸಂಖ್ಯೆ. ಅಲ್ಲಿಯೂ ಕತೆ ಇದೇ, ಪಟ್ಟಿಯ ಬದಲು ರೋಲರಿನ ತುದಿಯಲ್ಲಿ ಗೆರೆಗಳಿರುವ ಪಾರದರ್ಶಕ ಬಿಲ್ಲೆ ಇರುತ್ತದೆ ಅಷ್ಟೆ. ಒಂದು ವಿಷಯ ಮಾತ್ರ ಬೇರೆ. ಹಲವು ಮಾದರಿಗಳಲ್ಲಿ ಹೆಡ್ಡಿನಿಂದ ಶಾಯಿ ಹೀರಿ ಸ್ವಚ್ಛ ಮಾಡುವ ಪಂಪನ್ನು ನಡೆಸುವುದೂ ಇದೇ ಮೋಟಾರು, ಗಿಯರ್ ಬದಲಿಸಿಕೊಂಡು. ಹಾಗಾಗಿ ಹಾಳೆ ಎಲ್ಲಿಯೂ ಸಿಕ್ಕಿಕೊಂಡಿಲ್ಲ, ಆದರೂ ಕಾಗದದ ಮೋಟಾರ್ ದೋಷ ಎನ್ನುತ್ತಿದೆ ಎಂದಾದರೆ ಬಲತುದಿಯ ಪಂಪಿನಲ್ಲಿ ಶಾಯಿ ಗಟ್ಟಿಯಾಗಿರುವ ಸಾಧ್ಯತೆಯನ್ನೂ ನೋಡಬೇಕು.

ಇಷ್ಟೆಲ್ಲ ಆದಮೇಲೂ ದೋಷ ಉಳಿದರೆ ಕೆಲಸ ಬಲ್ಲವರ ಕೈಗೆ ಕೊಡುವುದು ಲೇಸು. ಕ್ಯಾರೇಜಿನಿಂದ ಬೋರ್ಡಿಗೆ ಹೋಗುವ ಬಿಳಿಯ ರಿಬ್ಬನ್ ಕೇಬಲ್ ಪ್ರತಿ ಓಟಕ್ಕೂ ಮಡಚಿ ಬಿಚ್ಚಿ ಒಳಗೊಂದು ತಂತಿ ಮುರಿದಿರಬಹುದು, ಮೋಟಾರಿಗೆ ವಿದ್ಯುತ್ ಕೊಡುವ ಚಿಪ್ಪು ಹೋಗಿರಬಹುದು. ಮೋಟಾರಿನ ಬ್ರಷ್ಷೇ ಸವೆದಿರುವುದೂ ಉಂಟು, ಆದರೆ ಸಾಲಿನಲ್ಲಿ ಅದರ ಸರದಿ ಕೊನೆಯದು.

ಹೊಸ ಪಟ್ಟಿ ಹಾಕುವಾಗ

ಒರೆಸಿದ ಮೇಲೆ ದೋಷ ಹೋಗಿ, ಮುದ್ರಣದಲ್ಲಿ ಮಾತ್ರ ಕೊರತೆ ಕಾಣುವುದುಂಟು. ಉದ್ದ ಗೆರೆಗಳಿರುವ ಒಂದು ಕೋಷ್ಟಕ ಮುದ್ರಿಸಿ ನೋಡಿ. ಹಾಳೆ ಬದಲಾದರೂ ಗೆರೆಗಳು ಎಡದಿಂದ ಅದೇ ದೂರದಲ್ಲಿ ಸೊಟ್ಟಗಾಗುತ್ತಿದ್ದರೆ ಪಟ್ಟಿಯ ಆ ಭಾಗದಲ್ಲಿ ಗೀರು ಬಿದ್ದಿದೆ, ಅಲ್ಲಿ ಕೆಲವು ಎಣಿಕೆ ತಪ್ಪುತ್ತಿದೆ ಎಂದರ್ಥ. ಆ ಪಟ್ಟಿಯನ್ನು ಇನ್ನು ಎಷ್ಟು ಒರೆಸಿದರೂ ಫಲವಿಲ್ಲ, ಬದಲಿಸಬೇಕು. ಹಳೆಯದನ್ನು ಬಿಚ್ಚುವ ಮೊದಲು ಯಾವ ಮುಖ ಎದುರಿಗಿತ್ತು, ಸೀಳಿನೊಳಗೆ ಹೇಗೆ ಹಾದಿತ್ತು ಎಂದು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಹೊಸದನ್ನು ಅದೇ ಮಾದರಿಯ ಪ್ರಿಂಟರಿನದೇ ಎಂದು ಖಾತ್ರಿ ಮಾಡಿಕೊಂಡೇ ತನ್ನಿ. ನೋಡಲು ಎಲ್ಲ ಪಟ್ಟಿಯೂ ಒಂದೇ ಥರ ಇರುತ್ತವೆ. ಇಂಚಿಗೆ 180 ಗೆರೆ ನಿರೀಕ್ಷಿಸುವ ಯಂತ್ರಕ್ಕೆ 150 ಗೆರೆಯ ಪಟ್ಟಿ ಹಾಕಿದರೆ, ಎಂಟು ಇಂಚು ಹೋಗಬೇಕಾದಾಗ ಅದು ಎಂದಿನಂತೆ 1,440 ಗೆರೆ ಎಣಿಸುತ್ತದೆ. ಹೊಸ ಪಟ್ಟಿಯಲ್ಲಿ ಅಷ್ಟು ಗೆರೆ ಸಿಗಬೇಕಾದರೆ 9.6 ಇಂಚು ಓಡಬೇಕು. ಅಷ್ಟು ಜಾಗ ಒಳಗೆ ಇಲ್ಲದಿದ್ದರೆ ಕ್ಯಾರೇಜು ಗೋಡೆಗೆ ತಾಗಿ ನಿಲ್ಲುತ್ತದೆ, ಬಲ ಏರುತ್ತದೆ, ಎಣಿಕೆ ಬರುವುದಿಲ್ಲ, ಪರದೆಯ ಮೇಲೆ ಮೋಟಾರ್ ಎರರ್ ಮೂಡುತ್ತದೆ.